ಹದಿನಾರು ಜಾಡಿಗಳ ಮೊದಲ ರುಚಿ

"ವಾಚ್ ಬಿಚ್ಚಿಡಿ ಮೇಡಂ, ಆಮೇಲೆ ಕೈ ಹಾಕಿ," ಎಂದಳು ಆ ಮನೆಯ ಸೊಸೆ.

ಬಿಚ್ಚಿಟ್ಟೆ. ಹನ್ನೆರಡೂ ಕಾಲು. ಕೊಳ್ಳುವ ಕಂಪನಿಯ ಪ್ರತಿನಿಧಿ ನಾಲ್ಕಕ್ಕೆ ಬರುತ್ತಾನೆ. ಅಷ್ಟರೊಳಗೆ ನಾನು ಒಂದು ಹೆಸರು ಬರೆದು ಕೊಡಬೇಕು. ಅದನ್ನು ಹಿಡಿದುಕೊಂಡು ಅವನು ನೇರ ಪೊಲೀಸ್ ಠಾಣೆಗೆ ಹೋಗುತ್ತಾನೆ.

ಹೆಸರೇನೋ ಆಗಲೇ ಎಲ್ಲರ ಬಾಯಲ್ಲಿತ್ತು. ಇಪ್ಪತ್ತೆರಡು ವರ್ಷದಿಂದ ಈ ಮನೆಯ ಉಪ್ಪಿನಕಾಯಿ ಜಾಡಿಗಳಿಗೆ ಬಾಯಿಬಟ್ಟೆ ಕಟ್ಟುತ್ತಿದ್ದವಳು, ಎಲ್ಲರೂ ಜಾಡಿಯಕ್ಕ ಎಂದು ಕರೆಯುವವಳು. ಹತ್ತು ದಿನದ ಹಿಂದೆ ಅವಳನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು. ಸಾಗಣೆಗೆ ಮುಂಚೆ ನಲವತ್ತೆಂಟು ಜಾಡಿಗಳಿಂದ ಒಂದೊಂದು ಸೀಸೆ ಮಾದರಿ ಹೊರದೇಶಕ್ಕೆ ಹೋಗಿತ್ತು. ಹದಿನಾರರಲ್ಲಿ ವಿನೆಗರ್ ಸಿಕ್ಕಿತ್ತು.

ಸೀಸೆಯ ಮೇಲೆ ಅಚ್ಚು ಹಾಕಿಸಿದ್ದು ಮೂರೇ ಪದ: ನಿಂಬೆ, ಉಪ್ಪು, ಬಿಸಿಲು. ಅದರ ಪಕ್ಕದಲ್ಲಿ ಸೊಸೆಯ ಅತ್ತೆ, ಎಲ್ಲರೂ ದೊಡ್ಡಮ್ಮ ಎನ್ನುವ ಮನೆಯ ಯಜಮಾನಿಯ ಫೋಟೋ. ಕೆಳಗೆ ಒಂದು ಸಾಲು: 'ಇವರ ನಾಲಿಗೆ ಒಪ್ಪದ ಜಾಡಿ ಈ ಮನೆಯಿಂದ ಹೊರಗೆ ಹೋಗುವುದಿಲ್ಲ.'

"ಹೊರಗಿನವರಿಗೆ ಈಗ ಮಷೀನಿನ ಮಾಲು ಬೇಡ ಮೇಡಂ," ಎಂದಳು ಸೊಸೆ. ರಫ್ತು ವ್ಯವಹಾರ ಪೂರ್ತಿ ಅವಳದ್ದೇ. "ಅಜ್ಜಿ ಬೇಕು, ಅಜ್ಜಿ ಕೈ ಬೇಕು, ಕೈ ಮೇಲಿನ ಸುಕ್ಕು ಬೇಕು. ಹೋದ ವರ್ಷ ಎಷ್ಟು ಕೇಳಿದ್ರೋ ಅದರ ಮೂರರಷ್ಟು ಈ ವರ್ಷ ಕೇಳ್ತಿದ್ದಾರೆ. ಈ ಹೊತ್ತಲ್ಲಿ ಇಂಥ ಕೆಲಸ ಮಾಡಿದ್ಲಲ್ಲ ಪುಣ್ಯಾತ್ಗಿತ್ತಿ!"

"ಅವಳೇ ಅಂತ ಹೇಗೆ ಹೇಳ್ತೀರಿ?"

"ಗಂಟು ನೋಡಿ. ಮೂರು ಸುತ್ತು, ಒಂದು ಮಡಿಕೆ. ಅವಳನ್ನ ಬಿಟ್ಟು ಇನ್ಯಾರಿಗೂ ಬರಲ್ಲ. ನಾನೂ ಕಲಿಯೋಕೆ ಹೋಗಿ ಉಗುರು ಮುರ್ಕೊಂಡಿದ್ದೀನಿ."

ಗಂಟು ಜಾಡಿಯಕ್ಕನದ್ದೇ, ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ನಾನು ನೋಡುತ್ತಿದ್ದದ್ದು ಗಂಟನ್ನಲ್ಲ. ಒಳ್ಳೆಯ ಜಾಡಿಯೊಂದರ ಕೊರಳಿನ ಒಳಗೆ ಬೆರಳಾಡಿಸಿದೆ. ವರ್ಷವಿಡೀ ಉಪ್ಪು ಮೇಲೇರಿ ಅಲ್ಲಿ ಬಿಳಿ ಪಟ್ಟಿ ಕಟ್ಟಿತ್ತು. ದಪ್ಪಗೆ, ಉಗುರಿಗೆ ಒರಟಾಗಿ ಸಿಗುತ್ತಿತ್ತು. ಆಮೇಲೆ ಆ ಹದಿನಾರರಲ್ಲಿ ಒಂದಕ್ಕೆ ಕೈ ಹಾಕಿದೆ. ಪಟ್ಟಿ ಇತ್ತು, ಆದರೆ ನೂಲಿನಷ್ಟು ತೆಳು. ಇನ್ನೊಂದರಲ್ಲೂ ಹಾಗೇ. ಹದಿನಾರರಲ್ಲೂ ಹಾಗೇ.

ನನ್ನ ನಾಲಿಗೆ ತಾನಾಗಿ ಎಡಗಡೆಯ ಕೆಳದವಡೆಗೆ ಹೋಯಿತು. ಅಲ್ಲೊಂದು ಹಲ್ಲಿಲ್ಲ. ಯೋಚನೆ ಹತ್ತಿದರೆ ನಾಲಿಗೆ ಆ ಖಾಲಿ ಜಾಗವನ್ನು ತಡವುತ್ತಿರುತ್ತದೆ. ಒಳ್ಳೆಯ ಪತ್ತೇದಾರರು ಗಡ್ಡ ನೀವಿಕೊಳ್ಳುತ್ತಾರಂತೆ. ನನಗೆ ಆ ಭಾಗ್ಯವಿಲ್ಲ.

ತೆಳು ಪಟ್ಟಿ ಅಂದರೆ ಈ ಜಾಡಿಗಳಿಗೆ ಮೊದಲ ದಿನವೇ ಉಪ್ಪು ಕಮ್ಮಿ ಬಿದ್ದಿದೆ. ಉಪ್ಪು ಕಮ್ಮಿಯಾದರೆ ಹೋಳು ಕೊಳೆಯತೊಡಗುತ್ತದೆ. ಕೊಳೆಯುವುದನ್ನು ತಡೆಯಲು ಯಾರೋ ವಿನೆಗರ್ ಸುರಿದಿದ್ದಾರೆ. ಅದು ಮೋಸಕ್ಕೆ ಸುರಿದದ್ದಲ್ಲ, ಉಳಿಸಲು ಸುರಿದದ್ದು.

ಹಾಗಾದರೆ ಸುರಿದವರು ಯಾರು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಒಂದು ಕಾಳು ಉಪ್ಪು ಹೆಚ್ಚುಕಮ್ಮಿಯಾದರೂ ಹಿಡಿಯುವ ನಾಲಿಗೆ ಮನೆಯಲ್ಲೇ ಇರುವಾಗ ಉಪ್ಪು ಕಮ್ಮಿ ಬಿದ್ದದ್ದು ಹೇಗೆ?

"ಏನಾದ್ರೂ ಸಿಕ್ತಾ?" ಸೊಸೆ ಕೇಳಿದಳು.

"ಇನ್ನೂ ಇಲ್ಲ," ಎಂದೆ.

ಸುಳ್ಳು. ಸಿಕ್ಕಿತ್ತು. ಸಿಕ್ಕಿದ್ದು ನನ್ನದೇ ಕಾಲಿಗೆ ಸುತ್ತಿಕೊಳ್ಳುವಂಥದ್ದು.

ಈ ಪತ್ತೇದಾರಿ ಕೆಲಸಕ್ಕೆ ಇಳಿಯುವ ಮುಂಚೆ ನಾನು ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿದ್ದೆ. ಹೋದ ವರ್ಷ ಈ ನಲವತ್ತೆಂಟು ಜಾಡಿಗಳ ಪ್ರಮಾಣಪತ್ರಕ್ಕೆ ಸಹಿ ಹಾಕಿದವಳು ನಾನೇ. ಅದು ಸೊಸೆಗೆ ಗೊತ್ತು. "ನಮ್ಮ ಮನೆ ನೋಡಿದವರು ನೀವು, ಅದಕ್ಕೇ ನಿಮ್ಮನ್ನೇ ಕರೆಸಿದೆ," ಎಂದಿದ್ದಳು. ಅವಳಿಗೆ ಗೊತ್ತಿಲ್ಲದ್ದು ಇಷ್ಟು: ಉಪ್ಪಿನ ಪ್ರಮಾಣ ಅಳೆಯಲು ಅರ್ಧ ದಿನ ಬೇಕು. ಆ ದಿನ ಬೆಳಿಗ್ಗೆ ನಾನು ಹಲ್ಲು ಕೀಳಿಸಿಕೊಂಡು ನೇರ ಇಲ್ಲಿಗೆ ಬಂದಿದ್ದೆ. ಬೇಗ ಮನೆಗೆ ಹೋಗಿ ಮಲಗಬೇಕಿತ್ತು. ಹಿಂದಿನ ವರ್ಷದ ಅಂಕಿಯನ್ನೇ ಬರೆದು ಸಹಿ ಜಡಿದು ಹೋದೆ.

ದೊಡ್ಡಮ್ಮನ ನಾಲಿಗೆಗಿಂತ ಒಳ್ಳೆಯ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೆ. ಈಗ ಹದಿನಾರು ತೆಳು ಪಟ್ಟಿಗಳು ಎದುರಿಗಿದ್ದವು. ಈ ಕೇಸು ಒಪ್ಪಿಕೊಂಡದ್ದು ಸತ್ಯ ಹುಡುಕಲೋ, ಆ ಸಹಿ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಲೋ, ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಹದಿನಾರು ಜಾಡಿಗಳ ಮೇಲೂ ಸೀಮೆಸುಣ್ಣದಲ್ಲಿ ಒಂದೇ ತಿಂಗಳಿತ್ತು. ಹದಿನಾಲ್ಕು ತಿಂಗಳ ಹಿಂದಿನದು. ವಾಚ್ ಕಟ್ಟಿಕೊಂಡು ಹೊರಟೆ.

*

ಜಾಡಿಯಕ್ಕನ ಮನೆ ಎರಡು ಬೀದಿ ಆಚೆ, ಮಹಡಿಯ ಮೇಲೆ ಒಂದೇ ಕೋಣೆ. ಅವಳು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸುತ್ತಿದ್ದಳು. ಮಗು ಒಂದು ತುತ್ತು ನುಂಗಿದರೆ ಎರಡು ತುತ್ತು ಉಗುಳುತ್ತಿತ್ತು. ಅಜ್ಜಿ ಪ್ರತಿ ತುತ್ತಿಗೂ ತಾನೇ ಬಾಯಿ ಚಪ್ಪರಿಸಿ, ಕಣ್ಣರಳಿಸಿ, "ಆಹಾ!" ಎನ್ನುತ್ತಿದ್ದಳು.

"ನಾನೇ ಸುರಿದದ್ದು, ಬರ್ಕೊಳಿ," ಎಂದಳು ನನ್ನನ್ನು ನೋಡಿದವಳೇ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ. ನನಗೆ ಇಷ್ಟು ಸುಲಭವಾಗಿ ಸಿಕ್ಕಿದ್ದು ಯಾವತ್ತೂ ದಕ್ಕಿಲ್ಲ.

"ಯಾಕೆ ಸುರಿದ್ರಿ?"

"ದುರಾಸೆ ಅಂತ ಹಾಕಿ."

"ಏನು ಸಿಕ್ತು ನಿಮಗೆ ಅದರಿಂದ?"

ಮಗುವಿನ ಬಾಯಿ ಒರೆಸಿದಳು.

"ಅಕ್ಕ, ಆ ಜಾಡಿಗಳಿಗೆ ಉಪ್ಪೇ ಸಾಲದು. ನೀವು ಕೆಡಿಸಿದ್ದಲ್ಲ, ಕೆಡ್ತಾ ಇದ್ದದ್ದನ್ನ ಉಳಿಸಿದ್ದು. ಇಲ್ಲ ಅನ್ನಿ ನೋಡೋಣ."

"ಗಂಟು ನನ್ನದೇ ಅಲ್ವಾ? ಅಷ್ಟು ಸಾಕು." ದನಿ ತಗ್ಗಿಸಿ ಕೇಳಿದಳು, "ದೊಡ್ಡಮ್ಮ ಹೊಸದಾಗಿ ಕಲೆಸಿದ ತೊಟ್ಟಿಯ ರುಚಿ ನೋಡಿದ್ರಾ?"

"ಇಲ್ಲ. ಹತ್ತು ದಿನದಿಂದ ಚಮಚ ಮುಟ್ಟಿಲ್ಲವಂತೆ. ನಿಮ್ಮ ಮೇಲಿನ ಸಿಟ್ಟಿಗೆ ಅಂತಾಳೆ ಸೊಸೆ."

ಅವಳ ಮುಖದಲ್ಲಿ ಏನೋ ಹಗುರಾಯಿತು. "ಒಳ್ಳೇದಾಯ್ತು. ನೋಡಬಾರದು. ನಾನಿಲ್ಲದೆ ನೋಡಲೇಬಾರದು."

ಆಮೇಲೆ ನಾಲಿಗೆ ಕಚ್ಚಿಕೊಂಡಳು.

ನಾನು ಆ ಮಾತನ್ನು ಅಲ್ಲೇ ಕೆದಕಲಿಲ್ಲ. ಮಗುವಿನ ಕೆನ್ನೆ ತಟ್ಟಿ, "ಎಷ್ಟು ತಿಂಗಳು ಇವಳಿಗೆ?" ಎಂದೆ.

"ಹದಿನಾಲ್ಕು."

"ಇವಳು ಹುಟ್ಟಿದಾಗ ಕೆಲಸಕ್ಕೆ ರಜೆ ಹಾಕಿದ್ರಿ ಅಲ್ವಾ?"

"ಮೂರು ವಾರ. ಮಗಳಿಗೆ ತುಂಬ ಕಷ್ಟವಾಗಿತ್ತು, ಆಸ್ಪತ್ರೇಲೇ ಇದ್ದೆ..." ಮಾತು ಅರ್ಧಕ್ಕೆ ನಿಂತಿತು. ನಾನು ಯಾಕೆ ಕೇಳಿದೆ ಎಂದು ಅವಳಿಗೆ ಹೊಳೆದಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಮೇಡಂ, ನನ್ನ ಹೆಸರು ಬರೆದು ಕೈ ತೊಳ್ಕೊಳಿ. ನಿಮ್ಮ ದಮ್ಮಯ್ಯ ಅಂತೀನಿ."

ಜೈಲಿಗೆ ಹೋಗುವವಳು ನನ್ನನ್ನು ಬೇಡಿಕೊಳ್ಳುತ್ತಿದ್ದಳು. ಆದರೆ ಬೇಡುತ್ತಿದ್ದದ್ದು ಬಿಟ್ಟುಬಿಡಿ ಎಂದಲ್ಲ, ಹಿಡಿದುಕೊಡಿ ಎಂದು.

ಮೆಟ್ಟಿಲಿಳಿಯುವಾಗಲೂ ಮೇಲಿನಿಂದ "ಆಹಾ!" ಕೇಳುತ್ತಿತ್ತು. ಅವಳು ಚಪ್ಪರಿಸಿದಾಗೆಲ್ಲ ಮಗು ಅವಳ ಮುಖ ನೋಡಿ ಬಾಯಿ ತೆರೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಮೂರನೇ ಮೆಟ್ಟಿಲಲ್ಲಿ ನಾನು ನಿಂತೆ.

ಸೊಸೆ ಮೊದಲ ದಿನವೇ ಹೆಮ್ಮೆಯಿಂದ ಹೇಳಿದ ಮಾತು ನೆನಪಾಯಿತು. ಹಿಂದೆಲ್ಲ ಹೊಸ ತೊಟ್ಟಿಯ ಮೊದಲ ಚಮಚ ದೊಡ್ಡಮ್ಮನದ್ದಂತೆ. ಅವರಿಗಿಂತ ಮುಂಚೆ ಯಾರೂ ಮುಟ್ಟುವಂತಿರಲಿಲ್ಲ. ಎರಡು ವರ್ಷದಿಂದ ದೊಡ್ಡಮ್ಮ ಮೊದಲ ಚಮಚವನ್ನು ಜಾಡಿಯಕ್ಕನಿಗೆ ಕೊಡತೊಡಗಿದ್ದರು. "ಕೆಲಸದವರಿಗೆ ಎಂಥ ಮರ್ಯಾದೆ ನೋಡಿ," ಎಂದು ಊರೆಲ್ಲ ಕೊಂಡಾಡಿತ್ತು.

ಅದು ಮರ್ಯಾದೆಯಾಗಿರದಿದ್ದರೆ?

*

ಬೀದಿ ತುದಿಯ ಟೀ ಅಂಗಡಿಯಲ್ಲಿ ಒಂದು ನಿಂಬೆಹಣ್ಣು ಕೊಂಡು, ಹೋಳು ಮಾಡಿ, ಬರಿ ನೀರಲ್ಲಿ ಬೇಯಿಸಿ ಕೊಡಿ ಎಂದೆ. ಅಂಗಡಿಯವನು ನನ್ನ ತಲೆ ನೆಟ್ಟಗಿಲ್ಲ ಅಂದುಕೊಂಡಿರಬೇಕು. "ಉಪ್ಪು?" ಎಂದ. "ಒಂದು ಕಲ್ಲೂ ಬೇಡ," ಎಂದೆ. ಡಬ್ಬಿಯಲ್ಲಿ ಹಾಕಿಕೊಂಡು ಬಂದೆ.

ದೊಡ್ಡಮ್ಮ ರುಚಿ ನೋಡುವ ಕೋಣೆಯಲ್ಲಿ ಒಬ್ಬರೇ ಕೂತು, ಆಗಲೇ ಫಳಫಳ ಹೊಳೆಯುತ್ತಿದ್ದ ಚಮಚಗಳನ್ನು ಮತ್ತೆ ಒರೆಸುತ್ತಿದ್ದರು. ಗೋಡೆಯ ತುಂಬ ಅವರದೇ ಫೋಟೋದ ರಟ್ಟಿನ ಪೆಟ್ಟಿಗೆಗಳು, ಸೂರಿನ ತನಕ. ಫೋಟೋದಲ್ಲಿ ಎಲ್ಲ ದೊಡ್ಡಮ್ಮಂದಿರೂ ನಗುತ್ತಿದ್ದರು. ಕೂತವರೊಬ್ಬರು ನಗುತ್ತಿರಲಿಲ್ಲ.

"ಬಾ ಮಗಳೇ. ಅವಳನ್ನ ನೋಡಿ ಬಂದ್ಯಾ? ಊಟ ಗೀಟ ಮಾಡ್ತಿದ್ದಾಳಾ?"

"ಮಾಡ್ತಿದ್ದಾರೆ. ದೊಡ್ಡಮ್ಮ, ಬೇರೆ ಮನೆಯದ್ದೊಂದು ಉಪ್ಪಿನಕಾಯಿ ತಂದಿದ್ದೀನಿ. ಹೇಗಿದೆ ಹೇಳಿ."

ಡಬ್ಬಿ ನೋಡಿದರು. ನನ್ನನ್ನು ನೋಡಿದರು. "ಮೊದಲು ನೀನು ತಿನ್ನು."

ತಿಂದೆ. ಕಹಿ, ಹುಳಿ, ಸಿಪ್ಪೆ ಸಪ್ಪೆ. ಕಣ್ಣು ಮುಚ್ಚಿ, ತಲೆ ತೂಗಿ, ತುಟಿಯಲ್ಲಿ ತೃಪ್ತಿಯ ನಗು ತಂದುಕೊಂಡೆ. ಇಷ್ಟು ಹೊಲಸು ಕೆಲಸ ನಾನು ಈ ಉದ್ಯೋಗದಲ್ಲಿ ಮಾಡಿಲ್ಲ. ಕಳ್ಳರನ್ನು ಹಿಡಿಯಲು ಬಲೆ ಬೀಸಿದ್ದೇನೆ. ವಯಸ್ಸಾದ ಹೆಂಗಸಿಗೆ ಮುಖದಲ್ಲೇ ಸುಳ್ಳು ಹೇಳಿದ್ದು ಇದೇ ಮೊದಲು ಎಂದು ಆ ಕ್ಷಣ ಅಂದುಕೊಂಡೆ.

ದೊಡ್ಡಮ್ಮ ಒಂದು ಹೋಳು ಬಾಯಿಗಿಟ್ಟರು. ನಿಧಾನ ಅಗಿದರು. ನುಂಗಿದರು.

"ಹದ ಕೂತಿದೆ," ಎಂದರು. "ಉಪ್ಪು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾಡಿದವಳ ಕೈ ಚೆನ್ನಾಗಿದೆ."

ನನ್ನ ಮುಖ ಬಿದ್ದುಹೋಯಿತು. ಅದನ್ನೂ ಅವರು ಓದಿದರು. ಎರಡು ವರ್ಷದಿಂದ ಅವರು ಮಾಡುತ್ತಿದ್ದದ್ದು ಅದೊಂದೇ ಕೆಲಸ.

"ಎಷ್ಟು ಹಾಕಿದ್ದೆ?" ಕೇಳಿದರು.

"ಹಾಕೇ ಇಲ್ಲ, ದೊಡ್ಡಮ್ಮ."

ಚಮಚ ಒರೆಸುತ್ತಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು. ಅಳಲಿಲ್ಲ, ಬೈಯಲಿಲ್ಲ. ಯಾರೋ ಹೊತ್ತಿದ್ದ ಮೂಟೆ ಇಳಿಸಿದ ಹಾಗೆ ಉಸಿರು ಬಿಟ್ಟರು.

"ಯಾವಾಗಿನಿಂದ?"

"ಎರಡು ವರ್ಷ ಆಯ್ತು. ಆ ಜ್ವರ ಬಂತಲ್ಲ, ಹೋಗುವಾಗ ಬಾಯಿ ರುಚಿ, ಮೂಗಿನ ವಾಸನೆ ಎಲ್ಲ ಕಟ್ಕೊಂಡು ಹೋಯ್ತು. ಬರುತ್ತೆ, ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ."

"ಯಾರಿಗಾದ್ರೂ ಹೇಳಬಹುದಿತ್ತಲ್ಲ?"

"ಜ್ವರ ಬಿಟ್ಟ ವಾರವೇ ಸೊಸೆ ಫೋಟೋ ತೆಗೆಸಿದ್ಲು. ಪಾಪ, ಎಷ್ಟು ಓಡಾಡಿ ಆರ್ಡರ್ ತಂದಿದ್ಲು ಅವಳು. ಬೀದಿಯ ನಲವತ್ತು ಹೆಂಗಸರು ಕೆಲಸಕ್ಕೆ ಸೇರಿದ್ರು. ಸೀಸೆ ಮೇಲಿರೋಳಿಗೆ ರುಚಿಯೇ ಗೊತ್ತಾಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

"ಜಾಡಿಯಕ್ಕನಿಗೆ ಹೇಳಿದ್ರಿ."

"ಇಲ್ಲಪ್ಪ, ಹೇಳಿಲ್ಲ. ಅವಳಿಗೇ ತಿಳೀತು. ನಾನು ಅವಳ ಮುಖ ನೋಡ್ತಿದ್ದೆ, ಅವಳು ನಾನು ನೋಡೋದನ್ನ ನೋಡಿದ್ಲು. ಆವತ್ತಿನಿಂದ ಮುಖ ಸ್ವಲ್ಪ ಜೋರಾಗೇ ಮಾಡ್ತಾಳೆ. ಉಪ್ಪು ಹೆಚ್ಚಾದ್ರೆ ಹುಬ್ಬು, ಕಮ್ಮಿಯಾದ್ರೆ ಮೂಗು. ಎಷ್ಟೋ ಸಲ ನಗು ತಡ್ಕೊಳ್ಳೋಕಾಗ್ತಿರಲಿಲ್ಲ ನಂಗೆ." ನೆನೆದು ನಗಲು ಹೋದರು, ಆಗಲಿಲ್ಲ. "ಈಗ ನನ್ನ ತಪ್ಪು ತಲೆ ಮೇಲೆ ಹೊತ್ಕೊಂಡು ಮನೇಲಿ ಕೂತಿದ್ದಾಳೆ. ನಾನು ಇಲ್ಲಿ ಚಮಚ ಒರೆಸ್ತಾ ಕೂತಿದ್ದೀನಿ. ಥೂ ನನ್ನ ಜನ್ಮಕ್ಕೆ."

ಈಗ ಎಲ್ಲ ಕೂಡಿಬಂತು. ಜಾಡಿಯಕ್ಕ ಆಸ್ಪತ್ರೆಯಲ್ಲಿದ್ದಾಗ ತುಂಬಿದ ಹದಿನಾರು ಜಾಡಿ. ಮೂರು ವಾರ ಕಳೆದು ಬಂದು ಬಾಯಿ ಬಿಚ್ಚಿದಾಗ ಹೋಳು ಮೆತ್ತಗಾಗಿತ್ತು. ದೊಡ್ಡಮ್ಮನ ಗುಟ್ಟು ಕಾಯಲು ವಿನೆಗರ್ ಸುರಿದು ಮತ್ತೆ ಕಟ್ಟಿದಳು. ಒಂದೇ ಒಂದು ತುಣುಕು ಬಾಕಿಯಿತ್ತು.

"ದೊಡ್ಡಮ್ಮ, ಆ ಹದಿನಾರನ್ನೂ ಒಂದೇ ತೊಟ್ಟಿಯಲ್ಲಿ ಕಲೆಸಿದ್ದಲ್ವಾ? ಅವಳಿರಲಿಲ್ಲ. ಹಾಗಾದ್ರೆ ಆವತ್ತು ಯಾರ ಮುಖ ನೋಡಿದ್ರಿ?"

ಅವರು ತಲೆಯೆತ್ತಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ನಿನಗೆ ನೆನಪಿಲ್ವಾ?"

"ನನಗಾ?"

"ಆವತ್ತು ನೀನು ಬಂದಿದ್ದೆ. ಕೊರಳಲ್ಲಿ ಲ್ಯಾಬಿನ ಕಾರ್ಡು. ನಂಗೆ ದಿಕ್ಕೇ ತೋಚ್ತಿರಲಿಲ್ಲ, ತೊಟ್ಟಿ ಮುಂದೆ ಚಮಚ ಹಿಡ್ಕೊಂಡು ನಿಂತಿದ್ದೆ. ನಿನ್ನ ನೋಡಿ, ದೇವರೇ ಕಳಿಸಿದ ಅಂದ್ಕೊಂಡೆ. ಓದಿದವಳು, ಪರೀಕ್ಷೆ ಮಾಡೋಳು, ಇವಳಿಗಿಂತ ಬೇಕಾ ಅಂತ ಮೊದಲ ಚಮಚ ನಿಂಗೆ ಕೊಟ್ಟೆ. ನೀನು ನಕ್ಕೆ. ಸ್ವಲ್ಪ ಓರೆಯಾಗಿ ನಕ್ಕೆ, ಆದ್ರೂ ನಕ್ಕೆ. ಹದಿನಾರಕ್ಕೂ ಬಾಯಿ ಕಟ್ಟಿಸಿಬಿಟ್ಟೆ."

ನನ್ನ ನಾಲಿಗೆ ಮತ್ತೆ ಆ ಖಾಲಿ ಜಾಗಕ್ಕೆ ಹೋಯಿತು.

ಹಲ್ಲು ಕೀಳಿಸಿಕೊಂಡ ದಿನ. ಡಾಕ್ಟರು ಕೊಟ್ಟ ಇಂಜೆಕ್ಷನ್ ಇನ್ನೂ ಇಳಿದಿರಲಿಲ್ಲ. ಅರ್ಧ ಮುಖ ಮರ, ಅರ್ಧ ನಾಲಿಗೆ ಕಲ್ಲು. ಯಾರೋ ಬಾಯಿಗೆ ಏನೋ ಇಟ್ಟಿದ್ದರು. ಅದು ಉಪ್ಪೋ ಮರಳೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಿದರೆ ಇನ್ನೊಂದು ಚಮಚ ಕೊಟ್ಟಾರು, ಹೊತ್ತಾಗುತ್ತದೆ ಎಂದು ತಲೆಯಾಡಿಸಿ ನಕ್ಕಿದ್ದೆ. ಅರ್ಧ ಮುಖ ಮಾತ್ರ ನಕ್ಕಿತ್ತು.

ಮುಖದಲ್ಲಿ ಸುಳ್ಳು ಹೇಳಿದ್ದು ಇವತ್ತೇ ಮೊದಲಲ್ಲ. ಈ ಕೇಸಿನ ಅಪರಾಧಿಯನ್ನು ನಾನು ಊರೆಲ್ಲ ಹುಡುಕಿದ್ದೆ. ಅವಳು ದಿನಾ ಬೆಳಿಗ್ಗೆ ನನ್ನ ಕನ್ನಡಿಯಲ್ಲೇ ಹಲ್ಲುಜ್ಜುತ್ತಿದ್ದಳು.

"ದೊಡ್ಡಮ್ಮ, ಆವತ್ತು ನನಗೆ..."

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಗಂಟೆ ಇನ್ನೂ ಮೂರೂವರೆ.

*

ಪ್ರತಿನಿಧಿ ಗರಿಗರಿ ಅಂಗಿಯ, ನಯವಾದ ಮಾತಿನ ಮನುಷ್ಯ. ಹಿಂದೆ ಸೊಸೆ. ಅವಳ ಹಿಂದೆ, ಹೊಸ್ತಿಲಾಚೆಗೇ ನಿಂತವಳು ಜಾಡಿಯಕ್ಕ. ಠಾಣೆಗೆ ಕರೆದೊಯ್ಯುವ ಮುಂಚೆ ಇಲ್ಲಿಗೆ ಕರೆಸಿದ್ದರು.

ದೂರಿನ ಕಾಗದ ಮೇಜಿನ ಮೇಲೆ ಬಂತು. ಹೆಸರಿನ ಜಾಗ ಖಾಲಿ ಬಿಟ್ಟಿದ್ದರು.

"ಮೇಡಂ ವರದಿ ಆಮೇಲೆ ನೋಡೋಣ," ಎಂದ ಅವನು. "ನಮ್ಮ ಕಂಪನಿಯವರಿಗೆ ಒಂದು ಸಣ್ಣ ಅನುಮಾನ. ತುಂಬುವಾಗಲೇ ಕೆಟ್ಟಿತ್ತೋ, ಆಮೇಲೆ ಕೆಡಿಸಿದ್ದೋ ಅಂತ." ಎರಡು ಬಟ್ಟಲು ತೆಗೆದು ಬರಿ ರಸ ಸುರಿದ. ನೋಡಲು ಎರಡೂ ಒಂದೇ. "ಒಂದು ಒಳ್ಳೇ ಜಾಡಿಯದು. ಒಂದು ಆ ಹದಿನಾರರದು. ಕೆಟ್ಟದ್ದು ಯಾವುದು ಅಂತ ದೊಡ್ಡಮ್ಮ ಹೇಳಿಬಿಡಲಿ. ಇವರ ನಾಲಿಗೆ ನೆಟ್ಟಗಿದ್ರೆ ತುಂಬುವಾಗ ಎಲ್ಲ ಸರಿಯಿತ್ತು ಅಂತಾಯ್ತು. ಕೆಡಿಸಿದ್ದು ಆಯಮ್ಮನೇ. ಇಲ್ಲೇ ಹೆಸರು ಬರೀತೀನಿ."

"ಹೇಳದಿದ್ರೆ?" ನಾನು ಕೇಳಿದೆ.

"ಹೇಳದಿದ್ರೆ ಆಯಮ್ಮನದ್ದೇನೂ ತಪ್ಪಿಲ್ಲ, ಈ ಫೋಟೋನೇ ಸುಳ್ಳು ಅಂತಾಗುತ್ತೆ," ಎಂದು ನಕ್ಕ. "ಬಿಡಿ ಮೇಡಂ. ಇಷ್ಟು ವರ್ಷದ ನಾಲಿಗೆ, ಹೇಳದೆ ಇರುತ್ತಾ?"

ಸೊಸೆಯೂ ನಕ್ಕಳು. ಅತ್ತೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಾನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಬೇಕಿತ್ತು. ದೊಡ್ಡಮ್ಮನ ಫೋಟೋ, ನಲವತ್ತು ಹೆಂಗಸರ ಕೆಲಸ ಎಂದೆಲ್ಲ ನೆಪಗಳು ಮುಂದೆ ಬಂದು ನಿಂತವು. ನಿಜ ಹೇಳಲೇ? ಎಲ್ಲಕ್ಕಿಂತ ಮುಂದೆ ನಿಂತಿದ್ದದ್ದು ನನ್ನ ಸಹಿ.

"ಮೊದಲ ಚಮಚ ಇವಳು ನೋಡಲಿ," ಎಂದರು ದೊಡ್ಡಮ್ಮ, ನನ್ನ ಕಡೆ ಕೈ ತೋರಿಸಿ. "ನಮ್ಮ ಮನೇಲಿ ಹಾಗೇ. ನಾನು ಕೊನೆಗೆ."

"ನೋಡಲಿ, ನೋಡಲಿ. ಪರೀಕ್ಷೆ ಮಾಡಿದವರಲ್ವಾ? ಆದ್ರೆ ಮೇಡಂ, ತುಟಿಪಿಟಕ್ ಅನ್ನಬಾರದು."

ಮೊದಲ ಬಟ್ಟಲು. ಉಪ್ಪು, ಹುಳಿ, ಅದರ ಹಿಂದೆ ಒಂದು ಇಡೀ ವರ್ಷದ ಬಿಸಿಲು. ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡೆ. ದೊಡ್ಡಮ್ಮ ತಮ್ಮ ಚಮಚ ಬಾಯಿಗಿಟ್ಟು, ಏನೂ ಸಿಗದೆ, ಕಾದರು.

ಎರಡನೆಯ ಬಟ್ಟಲು. ನಾಲಿಗೆಗೆ ಮುಟ್ಟಿದ ತಕ್ಷಣ ವಿನೆಗರ್ ಚುರುಕ್ಕೆಂದಿತು. ಮುಖ ಇನ್ನೂ ಗೋಡೆಯಾಗೇ ಇತ್ತು.

ದೊಡ್ಡಮ್ಮ ಆ ಚಮಚವನ್ನೂ ನುಂಗಿದರು. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಅವರಿಗೆ ಹಿಂದೆ ನಡೆದದ್ದು ಕಾಣಲಿಲ್ಲ. ನನಗೆ ಕಂಡಿತು. ವಿನೆಗರಿನ ವಾಸನೆ ಹಿಡಿದಿದ್ದ ಜಾಡಿಯಕ್ಕ ಹೊಸ್ತಿಲಾಚೆಯಿಂದ ನನ್ನನ್ನೇ ನೋಡುತ್ತ, ತನ್ನ ಮೂಗು ಹಿಂಡಿ, ಹುಬ್ಬು ಗಂಟಿಕ್ಕಿ, ಹುಳಿ ತಿಂದವರ ಮುಖ ಮಾಡಿದಳು. ಎರಡು ವರ್ಷ ದೊಡ್ಡಮ್ಮನಿಗೆಂದು ಮಾಡಿದ ಅದೇ ಜೋರು ಮುಖ. ಈ ಸಲ ಅದು ನನಗೆ. ಹೀಗೆ ಮಾಡಿ ಮೇಡಂ, ಬೇಗ ಮಾಡಿ.

"ಹೂಂ, ದೊಡ್ಡಮ್ಮ," ಎಂದ ಪ್ರತಿನಿಧಿ, ಪೆನ್ನಿನ ಮುಚ್ಚಳ ತೆಗೆಯುತ್ತ. "ಕೆಟ್ಟದ್ದು ಯಾವುದು?"

ದೊಡ್ಡಮ್ಮ ತಲೆಯೆತ್ತಿ ನನ್ನ ಮುಖ ನೋಡಿದರು.